ಆನೆ ಹಾವಳಿ ತಡೆಗೆ ಜೇನುಪೆಟ್ಟಿಗೆಯ ಬೇಲಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಕಾಡಂಚಿನ ಗ್ರಾಮಗಳಲ್ಲಿ ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಆನೆಗಳ ಕಾಟ ಹೆಚ್ಚುತ್ತದೆ. ಬಾಳೆ, ತೆಂಗು, ಮಾವಿನ ತೋಟಗಳೂ ಹಾಳಾಗುತ್ತವೆ. ರಾತ್ರಿ ಕಾವಲಿಗೆ ಹೋದ ರೈತರು ಪ್ರಾಣ ಕಳೆದುಕೊಂಡದ್ದೂ ಉಂಟು. ಪಟಾಕಿ, ತಮಟೆಯ ಸದ್ದಿಗೆ ಆನೆಗಳು ಬೇಗ ಒಗ್ಗಿಕೊಳ್ಳುತ್ತವೆ. ಆದ್ದರಿಂದ ಜೇನುಪೆಟ್ಟಿಗೆಯ ಬೇಲಿ ಪ್ರಯೋಗಿಸಿ ನೋಡತಕ್ಕ ಕ್ರಮ.

ಆನೆಯ ಚರ್ಮ ದಪ್ಪವಾದರೂ ಕಣ್ಣಿನ ಸುತ್ತ ಮತ್ತು ಸೊಂಡಿಲಿನ ಒಳಗೆ ಮೆದುವಾಗಿರುತ್ತದೆ. ಅಲ್ಲಿ ಕುಟುಕಿಸಿಕೊಂಡ ಆನೆ ಜೇನಿನ ಝೇಂಕಾರ ಕೇಳಿದರೇ ಹಿಂಜರಿಯುತ್ತದೆ. ಕೀನ್ಯಾ ದೇಶದಲ್ಲಿ ಲೂಸಿ ಕಿಂಗ್ ಅವರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಆನೆ ಈ ಬೇಲಿ ದಾಟಿದ್ದು ಒಮ್ಮೆ ಮಾತ್ರ. ನಮ್ಮ ರಾಜ್ಯದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಮಾರ್ಚಿಯಲ್ಲಿ ಕೊಡಗಿನ ಚೇಲೂರಿನಲ್ಲಿ ಇಂಥ ಪ್ರಯೋಗ ಆರಂಭಿಸಿತು.

ಕಟ್ಟುವ ವಿಧಾನ

ಹೊಲದ ಅಂಚಿನಲ್ಲಿ ಗಟ್ಟಿ ಕಂಬಗಳನ್ನು ನೆಟ್ಟು, 10 ಮೀಟರಿಗೊಂದರಂತೆ ಪೆಟ್ಟಿಗೆಗಳನ್ನು ಎದೆಮಟ್ಟದಲ್ಲಿ ತೂಗುಹಾಕಬೇಕು. ಎಲ್ಲವನ್ನೂ ಒಂದೇ ತಂತಿಯಿಂದ ಜೋಡಿಸಬೇಕು. ಆನೆ ತಂತಿಯನ್ನು ತಳ್ಳಿದೊಡನೆ ಪೆಟ್ಟಿಗೆಗಳು ಅಲುಗಾಡಿ ಹುಳುಗಳು ಹೊರಬೀಳುತ್ತವೆ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 250 ಮೀಟರ್. ಅದಕ್ಕೆ 25 ಪೆಟ್ಟಿಗೆ ಬೇಕು. ಖರ್ಚು ತಗ್ಗಿಸಲು ಒಂದು ಬಿಟ್ಟು ಒಂದರಂತೆ ಖಾಲಿ ಪೆಟ್ಟಿಗೆ ಕಟ್ಟಬಹುದು. ಪೆಟ್ಟಿಗೆಗಳಿಗೆ ನೆರಳು ಒದಗಿಸಬೇಕು. ಆನೆ ಕಾಡಿಗೆ ಹಿಂದಿರುಗುವ ದಾರಿಯನ್ನು ಮುಚ್ಚಬಾರದು.

ಹುಳು ಉಳಿದರೆ ಬೇಲಿ

ಹುಳುವಿಲ್ಲದ ಪೆಟ್ಟಿಗೆಗಳಷ್ಟೇ ಉಳಿದರೆ ಅದು ಬೇಲಿಯಲ್ಲ. ರಾಗಿಯಿಂದ ಜೇನಿಗೆ ಮಕರಂದ ದೊರೆಯುವುದಿಲ್ಲ. ಆದ್ದರಿಂದ ರಾಗಿಯಲ್ಲಿ ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವುದು ಉತ್ತಮ. ಆನೆ ಬರುವ ಕಾಲದಲ್ಲೇ ಅದು ಹೂ ಬಿಡುತ್ತದೆ. ಬದುಗಳಲ್ಲಿ ಹೊಂಗೆ, ಹುಣಸೆ ಬೆಳೆಸಬೇಕು. ಬೇಸಿಗೆಯಲ್ಲಿ ಹತ್ತಿರ ನೀರಿಡಬೇಕು. ಮಾವು ಹೂ ಬಿಟ್ಟಾಗ ಕೀಟನಾಶಕ ಸಿಂಪಡಿಸಬಾರದು. ಕೀನ್ಯಾದಲ್ಲಿಯೂ ಬರಗಾಲ ಬಂದಾಗ ಹುಳುಗಳು ಕಡಿಮೆಯಾಗಿ ಬೇಲಿಯ ಬಲ ಕುಗ್ಗಿತು. ನಮ್ಮಲ್ಲಿ 1990ರ ದಶಕದ ಆರಂಭದಲ್ಲಿ ಥಾಯ್ ಚೀಲ ರೋಗದಿಂದ ತುಡುವೆ ಕುಟುಂಬಗಳು ಅಪಾರವಾಗಿ ನಾಶವಾದುದನ್ನು ಮರೆಯಬಾರದು.

ತುಡುವೆ ಜೇನು ಆಫ್ರಿಕಾದ ಜೇನಿಗಿಂತ ಸಾಧು. ರಾತ್ರಿ ಹುಳುಗಳ ಚಟುವಟಿಕೆಯೂ ಕಡಿಮೆ. ಆದಕಾರಣ ಇದನ್ನೊಂದೇ ನಂಬಿ ಆನೆಯ ಎದುರು ನಿಲ್ಲಬಾರದು. ಆನೆ ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಮೊದಲ ವರ್ಷ ಆನೆ ನುಗ್ಗುವ ಕಡೆಗಷ್ಟೇ, ಅಕ್ಕಪಕ್ಕದ ರೈತರು ಕೂಡಿ ಬೇಲಿ ಕಟ್ಟಿ ಫಲ ನೋಡಬಹುದು. ಜೇನುತುಪ್ಪದ ಆದಾಯದಿಂದ ಖರ್ಚಿನ ಒಂದು ಪಾಲು ಹಿಂತಿರುಗುತ್ತದೆ.