ಮೂಗು ಹಿಡಿದು ಎತ್ತಿದರೆ ಯಾವ ನೌಕೆ ಉಳಿದೀತು?

ಹೊರದೇಶದಿಂದ ಆಟಿಕೆ ಇಟ್ಟಿಗೆ ತರಿಸಿಕೊಂಡವರು ಅದನ್ನು ಸುಂಕದವರಿಂದ ಬಿಡಿಸಿಕೊಳ್ಳಲು ಹೋಗುವ ದಿನ ಗಡ್ಡ ಬೋಳಿಸಬಾರದು. ನರೆತ ಗಡ್ಡವಾದರೆ ಇನ್ನೂ ಅನುಕೂಲ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಆಟಿಕೆಗೆ ಐಎಸ್‌ಐ ಗುರುತು ಇರಲೇಬೇಕು. ಆಟಿಕೆ ಅಂದರೆ ಯಾವುದು? 14 ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ್ದು. ಹಾಗಾದರೆ ನಲವತ್ತು ದಾಟಿದ ಗಂಡಸು ಅಂತರಿಕ್ಷ ನೌಕೆ ಕಟ್ಟಲು ತರಿಸಿದ ಬಿಡಿ ತುಣುಕುಗಳು ಆಟಿಕೆಯೋ ಅಲ್ಲವೋ?

ಈ ಪ್ರಶ್ನೆಗೆ ಕೌಂಟರಿನ ಆಚೆ ಕೂತವರ ಹತ್ತಿರ ಉತ್ತರವಿರಲಿಲ್ಲ. ಈ ಬರಹಗಾರ ಅಫಜಲಪುರ ತಾಲೂಕಿನ ಮಣ್ಣೂರಿನಿಂದ ರಾತ್ರಿ ಬಸ್ಸು ಹಿಡಿದು ಹೋಗಿದ್ದ. ಯಾವ ಊರಿಗೆ, ಯಾವ ಕಚೇರಿಗೆ ಎಂಬುದು ಇಲ್ಲಿ ಬೇಡ. ಸಾಹೇಬರು ಪೊಟ್ಟಣ ಹರಿದು ಜಿಪ್ ಚೀಲಗಳನ್ನು ಒಂದೊಂದಾಗಿ ಟೇಬಲ್ ಮೇಲೆ ಸುರಿದರು. ಬಾಗಿದ ಸ್ಲೋಪುಗಳು, ಉಗುರಿಗಿಂತ ಸಣ್ಣ ಹಿಂಜುಗಳು, ಬ್ರಾಕೆಟ್ಟುಗಳು, ಹಳದಿ ಪಾರದರ್ಶಕ ಗಾಜು. ಬಣ್ಣ ಬಣ್ಣದ್ದನ್ನು ಬೇರೆ ಮಾಡಿ ಪ್ಯಾಕ್ ಮಾಡಿದ್ದೆಲ್ಲ ಅರೆ ನಿಮಿಷದಲ್ಲಿ ಕಲಸಿಹೋಯಿತು.

“ಯಾರ ಸಲುವಾಗಿ ಇದು?”

“ನನ್ನ ಸಲುವಾಗಿ ಸಾಹೇಬ್ರ.”

“ಮಕ್ಕಳು ಎಷ್ಟು ಮಂದಿ?”

ಮಕ್ಕಳಿದ್ದಾರೆ ಅಂದರೆ ಆಟಿಕೆ, ಐಎಸ್‌ಐ ಗುರುತು ತೋರಿಸು. ಇಲ್ಲ ಅಂದರೆ ಸುಳ್ಳು. ಲೆಗೊ ಕಂಪನಿಯೇ ತನ್ನ ದೊಡ್ಡ ಸೆಟ್ಟುಗಳ ಡಬ್ಬಿಯ ಮೇಲೆ 18+ ಎಂದು ಅಚ್ಚು ಹಾಕುತ್ತದೆ ಎಂದು ಈತ ವಾದಿಸಿದ. ಡಬ್ಬಿ ಎಲ್ಲಿ ಎಂದರು. ಬಿಡಿ ತುಣುಕಿಗೆ ಡಬ್ಬಿ ಎಲ್ಲಿಂದ ಬರಬೇಕು? ಕೊನೆಗೆ ಮಾಲು ಬಂತು, ಆದರೆ ಮಾಲಿನ ಬೆಲೆಯನ್ನೇ ನಾಚಿಸುವಂಥ ರಸೀದಿಯ ಜೊತೆ. ಆಟಿಕೆಯ ಮೂಲ ಆಮದು ಸುಂಕ 2020ರ ಫೆಬ್ರವರಿಯಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ದೇಶದ ಆಟಿಕೆ ಉದ್ಯಮ ಬೆಳೆಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಕಿನ್ನಾಳದ ಗೊಂಬೆಯ ಜಿಲ್ಲೆಯಾದ ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅದನ್ನು ಕಟ್ಟಿದ ಏಕಸ್ ಕಂಪನಿ ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡುವಂಥದ್ದು. ವಿಮಾನದ ಭಾಗವನ್ನೂ ಆಟಿಕೆಯನ್ನೂ ಒಂದೇ ಕಂಪನಿ ಮಾಡುವ ನಾಡಿನಲ್ಲಿ ಹಳದಿ ಗಾಜಿನ ತುಣುಕೊಂದಕ್ಕೆ ರಾತ್ರಿ ಬಸ್ಸು ಹಿಡಿಯಬೇಕಾದದ್ದು ಯಾಕೆಂದು ಬಲ್ಲವರು ಹೇಳಬೇಕು.

ಯಲ್ಲಮ್ಮನ ಜಾತ್ರೆಯಲ್ಲಿ ಚೀಲ ತುಂಬ ಪ್ಲಾಸ್ಟಿಕ್ ಬ್ಲಾಕು ಸಿಗುತ್ತವಲ್ಲ, ಅವೇ ಸಾಲದೇ ಎಂದು ಮಣ್ಣೂರಿನ ಪ್ರತಿ ಹಿರಿಯರೂ ಕೇಳಿದ್ದಾರೆ. ನಕಲು ಎಂಬ ಕಾರಣಕ್ಕೆ ಅವನ್ನು ತಳ್ಳಿಹಾಕುವುದು ಸರಿಯಲ್ಲ. ನಕಲಿನ ವಿಷಯಕ್ಕೆ ಬಂದರೆ ಲೆಗೊ ಕೂಡ ಸಾಚಾ ಅಲ್ಲ: ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬವರ ಕಿಡ್ಡಿಕ್ರಾಫ್ಟ್ ಇಟ್ಟಿಗೆಯನ್ನು ನೋಡಿಯೇ ಡೆನ್ಮಾರ್ಕಿನವರು 1949ರಲ್ಲಿ ತಮ್ಮ ಮೊದಲ ಇಟ್ಟಿಗೆ ಮಾಡಿದ್ದು. ಒಳಗೆ ಕೊಳವೆಯಿರುವ ಇಂದಿನ ರೂಪಕ್ಕೆ ಪೇಟೆಂಟ್ ಅರ್ಜಿ ಬಿದ್ದದ್ದು 1958ರ ಜನವರಿ 28ರಂದು. ಆ ಪೇಟೆಂಟಿನ ಕಾಲ ಎಂದೋ ಮುಗಿಯಿತು. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಯತ್ನವನ್ನು ಯುರೋಪಿನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಹಾಗಾಗಿ ಯಾರು ಬೇಕಾದರೂ ಮಾಡಬಹುದು, ಮಾಡುತ್ತಿದ್ದಾರೆ, ಕೆಲವರು ಚೆನ್ನಾಗಿಯೇ ಮಾಡುತ್ತಿದ್ದಾರೆ.

ಜಾತ್ರೆಯ ಬ್ಲಾಕಿನ ತೊಂದರೆ ಬೇರೆ. ಒಂದು ಬಿಗಿ, ಇನ್ನೊಂದು ಸಡಿಲು. ಮನೆ, ಟ್ರ್ಯಾಕ್ಟರು ಕಟ್ಟಲು ಅಡ್ಡಿಯಿಲ್ಲ. ಆದರೆ ಒಂದರ ಪಕ್ಕ ಒಂದು ನೂರು ಸ್ಟಡ್ಡು ಜೋಡಿಸುವಾಗ ಕೂದಲೆಳೆಯಷ್ಟು ತಪ್ಪು ನೂರು ಸಲ ಕೂಡಿ ಬಾಲದ ತುದಿಯಲ್ಲಿ ಬೆರಳು ತೂರುವ ಸಂದಾಗುತ್ತದೆ.

ನೂರು ಸ್ಟಡ್ಡೇ ಯಾಕೆ? ಸ್ಟಡ್ಡು ಅಂದರೆ ಇಟ್ಟಿಗೆಯ ನೆತ್ತಿಯ ಗುಬುಟು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಜಗತ್ತಿನ ನೌಕೆ ಕಟ್ಟುವ ಹವ್ಯಾಸಿಗಳಲ್ಲಿ ಒಂದು ಪಂಥವಿದೆ, ಪ್ರತಿ ಸೆಪ್ಟೆಂಬರಿನಲ್ಲಿ ಕನಿಷ್ಠ ನೂರು ಸ್ಟಡ್ಡು ಉದ್ದದ, ಅಂದರೆ 80 ಸೆಂಟಿಮೀಟರಿನ ನೌಕೆ ಕಟ್ಟಬೇಕು. ಅದಕ್ಕೆ ಶಿಪ್‌ಟೆಂಬರ್ ಎಂದು ಹೆಸರು. ಬಹುಮಾನ ಇಲ್ಲ, ಸನ್ಮಾನ ಇಲ್ಲ. ಮಣ್ಣೂರಿನ ಯುವಕ ಮಂಡಳಿಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ.

ಕಟ್ಟಬೇಕೆಂದಿದ್ದದ್ದು ಪೂರ್ತಿ ಹೊಸ ನೌಕೆಯಲ್ಲ. 1979ರಲ್ಲಿ ಲೆಗೊ ಹೊರತಂದ ಗ್ಯಾಲಕ್ಸಿ ಎಕ್ಸ್‌ಪ್ಲೋರರ್‌ನ ಹಿಗ್ಗಿಸಿದ, ತಿದ್ದಿದ ರೂಪ. ಬೂದು ರೆಕ್ಕೆ, ನೀಲಿ ಮೈ, ಹಳದಿ ಗಾಜು. ಹಿಂದಿನ ಬಾಗಿಲು ತೆರೆದರೆ ಒಳಗೊಂದು ಪುಟ್ಟ ಬಂಡಿ. ಮೂಲದಲ್ಲಿ 338 ತುಣುಕು. ಅದನ್ನು ರೂಪಿಸಿದ ಯೆನ್ಸ್ ನೀಗಾರ್ಡ್ ಕ್ನುಡ್ಸೆನ್ ಅವರೇ 1978ರಲ್ಲಿ ಲೆಗೊದ ಪುಟಾಣಿ ಮನುಷ್ಯನನ್ನೂ ಮಾಡಿದವರು; 2020ರಲ್ಲಿ ತೀರಿಕೊಂಡರು. 2022ರಲ್ಲಿ ಕಂಪನಿಯೇ ಅದನ್ನು ಒಂದೂವರೆ ಪಟ್ಟು ಹಿಗ್ಗಿಸಿ 1,254 ತುಣುಕುಗಳಲ್ಲಿ ಮತ್ತೆ ತಂದಿತು. ಆ ಮರುರೂಪವನ್ನು ಬಿಚ್ಚಿ ನೋಡಿದವರಿಗೆ ತಿಳಿಯುತ್ತದೆ, ಹಳೆಯ ನೌಕೆಯ ಒಂದು ಗೆರೆಯನ್ನೂ ಕೆಡಿಸದೆ ಒಳಗಿನ ಎಲುಬನ್ನು ಪೂರ್ತಿ ಬದಲಿಸಿದ್ದಾರೆ. ಸಿನಿಮಾ ನೌಕೆಗಳ ಸೆಟ್ಟುಗಳಿಗಿಂತ, 7,541 ತುಣುಕಿನ ಮಿಲೇನಿಯಂ ಫಾಲ್ಕನ್‌ಗಿಂತಲೂ, ಕಲಿಯುವವರಿಗೆ ಇದೇ ಒಳ್ಳೆಯ ಪಾಠ ಎಂಬುದು ಈ ಬರಹಗಾರನ ಅಭಿಪ್ರಾಯ. ಒಪ್ಪದವರು ಬಹಳ ಇದ್ದಾರೆ.

ಮಣ್ಣೂರಿನ ಆವೃತ್ತಿಗೆ ಒಂದು ಬದಲಾವಣೆಯನ್ನು ಊರ ಮಕ್ಕಳೇ ಸೂಚಿಸಿದರು. 2023ರ ಆಗಸ್ಟ್ 23ರ ಸಂಜೆ ವಿಕ್ರಮ ಚಂದ್ರನ ಮೇಲೆ ಇಳಿದದ್ದನ್ನು ಟಿವಿಯಲ್ಲಿ ನೋಡಿದವರು ಅವರು. ನೌಕೆಗೆ ಕಾಲು ಎಲ್ಲಿ ಎಂದು ಕೇಳಿದರು. ಸರಿ, ಹೊಟ್ಟೆಯ ಕೆಳಗೆ ವಿಕ್ರಮನಂತೆ ನಾಲ್ಕು ಓರೆ ಕಾಲು ಬಂದವು. ಹಿಂದಿನ ಬಾಗಿಲ ಬಂಡಿಗೆ ಪ್ರಜ್ಞಾನದಂತೆ ಆರು ಗಾಲಿ. ಬಂಗಾರದ ಬಣ್ಣದ ತುಣುಕು ದುಬಾರಿ, ಹಾಗಾಗಿ ಕಾಲಿಗೆ ಹಳದಿ.

ಮೈ ಮೇಲಿನ ಕೊಳವೆ, ಜಾಲರಿ, ಗುಬುಟುಗಳ ಗಿಜಿಗಿಜಿಗೆ ಕಟ್ಟುವವರು ಗ್ರೀಬ್ಲಿಂಗ್ ಅನ್ನುತ್ತಾರೆ. 1977ರ ಸ್ಟಾರ್ ವಾರ್ಸ್ ಸಿನಿಮಾದ ಮಾದರಿ ತಯಾರಕರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ಯುದ್ಧನೌಕೆಗಳ ಕಿಟ್ ತಂದು ಒಡೆದು, ಆ ಚೂರುಗಳನ್ನೇ ತಮ್ಮ ನೌಕೆಗಳ ಮೈಗೆ ಅಂಟಿಸಿದ್ದರು. ಕಣ್ಣಿಗೆ ಇದು ದೊಡ್ಡ ಯಂತ್ರ ಅನ್ನಿಸುವುದು ಆ ಚೂರುಗಳಿಂದಲೇ. ಹೊಸಬರು ಮೊದಲು ಮಾಡುವುದೂ ಇದನ್ನೇ, ಮಾಡಬಾರದ್ದೂ ಇದನ್ನೇ. ಎಲುಬಿಲ್ಲದ ಮೈಗೆ ಒಡವೆ ಹೇರಿದಷ್ಟೂ ಭಾರ.

ಎಲುಬಿನ ಲೆಕ್ಕ ಹೀಗಿದೆ. ಚಪ್ಪಟೆ ಪ್ಲೇಟಿನ ದಪ್ಪ 3.2 ಮಿಲಿಮೀಟರ್, ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆಯ ಎತ್ತರ, 9.6. ಐದು ಪ್ಲೇಟು ಪೇರಿಸಿದರೆ 16, ಅಂದರೆ ಸರಿಯಾಗಿ ಎರಡು ಸ್ಟಡ್ಡಿನ ಅಗಲ. ಈ ಐದಕ್ಕೆ ಎರಡರ ಲೆಕ್ಕ ಕೈಗೆ ಬಂದರೆ ಇಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿ, ತಲೆಕೆಳಗು ಮಾಡಿ, ನುಣುಪಾದ ಮೈಯನ್ನು ಹೊರಗೆ ತರಬಹುದು. ಗಣಕದಲ್ಲಿ ಇದನ್ನೆಲ್ಲ ಮೊದಲೇ ಕಟ್ಟಿ ನೋಡಬಹುದು. ಜೇಮ್ಸ್ ಜೆಸ್ಸಿಮನ್ ಎಂಬ ಆಸ್ಟ್ರೇಲಿಯಾದ ಯುವಕ 1995ರಲ್ಲಿ ಶುರುಮಾಡಿದ ಎಲ್‌ಡ್ರಾ ಎಂಬ ತಂತ್ರಾಂಶವಿದೆ. ಎರಡು ವರ್ಷದಲ್ಲಿ ಆತ ತೀರಿಕೊಂಡ; ತುಣುಕುಗಳ ಆ ಭಂಡಾರವನ್ನು ಹವ್ಯಾಸಿಗಳು ಇಂದಿಗೂ ಬೆಳೆಸುತ್ತಿದ್ದಾರೆ. ಈಗ ಸ್ಟುಡಿಯೊ ಎಂಬ ತಂತ್ರಾಂಶವೂ ಪುಕ್ಕಟೆ. ಪರದೆಯ ಮೇಲೆ ಎಲ್ಲ ಬಣ್ಣವೂ ಕೈಗೆಟುಕುತ್ತದೆ, ಸುಂಕವೂ ಬೀಳುವುದಿಲ್ಲ. ಕೈಯಲ್ಲಿ ಇಲ್ಲದ ತುಣುಕನ್ನು ಪರದೆಯ ಮೇಲೆ ಬಳಸಿದವರೆಲ್ಲ ಆಮೇಲೆ ಕೌಂಟರಿನ ಮುಂದೆ ನಿಂತವರೇ.

ಬೇಸಿಗೆಯನ್ನೂ ಹೇಳಬೇಕು. ಇಟ್ಟಿಗೆಯನ್ನು 40 ಡಿಗ್ರಿಗಿಂತ ಬಿಸಿ ನೀರಿನಲ್ಲಿ ತೊಳೆಯಬೇಡಿ ಎಂದು ತಯಾರಕರ ಸೂಚನೆ. ಮೇ ತಿಂಗಳ ಕಲಬುರಗಿ ಜಿಲ್ಲೆಯಲ್ಲಿ ನೆರಳೇ 42 ದಾಟುತ್ತದೆ, ತಗಡಿನ ಮಾಳಿಗೆಯ ಕೋಣೆಯ ಮಾತು ಕೇಳಬೇಡಿ. ಉದ್ದ ಪ್ಲೇಟುಗಳು ಭಾರಕ್ಕೆ ನಿಧಾನ ಬಾಗುತ್ತವೆ, ಬಾಗಿದ್ದು ಸೆಟೆಯುವುದಿಲ್ಲ. ಬಿಸಿಲು ಬಿದ್ದ ಕಡೆ ಬಿಳಿ, ಬೂದು ತುಣುಕು ಹಳದಿಗೆ ತಿರುಗುತ್ತವೆ. ಅರ್ಧ ಕಟ್ಟಿದ ನೌಕೆಯನ್ನು ಶಹಾಬಾದ ಫರಸಿಯ ನೆಲದ ಮೇಲೆ, ದೇವರ ಕೋಣೆಯ ತಂಪಿನಲ್ಲಿ ಇಡುವುದೇ ವಾಸಿ. ಮನೆಯವರ ಒಪ್ಪಿಗೆ ಪಡೆದು.

ಇನ್ನು ಭಾವನವರ ಕಥೆ.

ಕಲಬುರಗಿಯ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನೌಕೆ ತರಬೇಕೆಂದು ಕರೆ ಬಂದಿತ್ತು. ಬೆಳಿಗ್ಗೆಯೇ ಹೊರಡಬೇಕು, ಬಾಡಿಗೆ ಜೀಪು ಅಂಗಳದಲ್ಲಿ ನಿಂತಿದೆ. ಒಳಗೆ ನೌಕೆಯನ್ನು ಎರಡು ಕೌದಿಯ ನಡುವೆ ಇಟ್ಟು, ಹೊಟ್ಟೆಯ ಕೆಳಗೆ ಎರಡೂ ಕೈ ಹಾಕಿ ಎತ್ತಬೇಕೆಂದು ಮನೆಯ ಎಲ್ಲರಿಗೂ ಹೇಳಿ ಇಟ್ಟಿತ್ತು. ಹೇಳಿದ್ದು ಎಲ್ಲರಿಗೂ. ಹೆಂಡತಿಯ ಅಣ್ಣನಿಗೂ. ಅವರು ಜೋಳದ ಚೀಲ ಒಬ್ಬರೇ ಹೊರುವ ಆಳು. ನಾಲ್ಕೈದು ಕಿಲೊ ಪ್ಲಾಸ್ಟಿಕ್ಕಿಗೆ ಎರಡು ಕೈ ಯಾಕೆ ಅನ್ನಿಸಿರಬೇಕು.

“ಬಿಡ್ರಿ, ನಾ ಎತ್ತತೀನಿ” ಎಂಬ ಮಾತು ಕಿವಿಗೆ ಬಿತ್ತು. ತಿರುಗುವಷ್ಟರಲ್ಲಿ ಭಾವನವರು ನೌಕೆಯ ಮೂಗು ಹಿಡಿದಿದ್ದರು. ಗಾಜಿನ ಕಾಕ್‌ಪಿಟ್ಟಿನ ಹಿಂದೆ, ಕುತ್ತಿಗೆಯ ಭಾಗದಲ್ಲಿ, ಒಂದೇ ಕೈ.

ಲೆಗೊ ಜೋಡಣೆ ಮೇಲಿನಿಂದ ಒತ್ತಿದರೆ ಕಲ್ಲು. ಪಕ್ಕಕ್ಕೆ ಎಳೆದರೂ ಸುಲಭಕ್ಕೆ ಬಿಡುವುದಿಲ್ಲ. ಆದರೆ ಒಂದು ತುದಿಯಿಂದ ಸಿಪ್ಪೆಯಂತೆ ಸುಲಿದರೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ಒಂದು ಸ್ಟಡ್ಡು ಬಿಟ್ಟರೆ ಅದರ ಭಾರ ಪಕ್ಕದ್ದಕ್ಕೆ, ಅದು ಬಿಟ್ಟರೆ ಮತ್ತೊಂದಕ್ಕೆ. ಮೊದಲು ಕೇಳಿದ್ದು ಕಡಲೆ ಹುರಿದಂಥ ಟಿಕ್ ಟಿಕ್ ಸದ್ದು. ನೌಕೆ ಎದ್ದದ್ದು ಗೇಣಷ್ಟು ಮಾತ್ರ. ನಡುವಿನಲ್ಲಿ ನೀಲಿ ಮೈ ಬಾಯಿ ಬಿಟ್ಟಿತು, ಒಳಗಿನ ಬೇರೆ ಬೇರೆ ಬಣ್ಣದ ಇಟ್ಟಿಗೆ ಕಾಣಿಸಿದವು. ಹೊರಗೆ ಕಾಣದ ಕಡೆ ಸಿಕ್ಕ ಬಣ್ಣ ಹಾಕುವುದು ಎಲ್ಲರೂ ಮಾಡುವುದೇ. ಬಾಲದ ಎಂಜಿನ್‌ಗಳ ಭಾರ ಹಿಂದಕ್ಕೆ ಜಗ್ಗಿತು. ಭಾವನವರು ಅದನ್ನು ಉಳಿಸಲೆಂದು ಮೂಗನ್ನು ಇನ್ನೂ ಮೇಲಕ್ಕೆ ಎತ್ತಿದರು! ಅದೇ ಮುಗಿಸಿದ್ದು. ಹಿಂಭಾಗ ಫರಸಿಯ ಮೇಲೆ ಬಿದ್ದು ಮಗ್ಗುಲಾಯಿತು, ರೆಕ್ಕೆ ಹಾರಿ ಮಂಚದ ಕೆಳಗೆ ಹೋಯಿತು, ತುಣುಕುಗಳು ಹೊಸ್ತಿಲು ದಾಟಿ ಅಂಗಳಕ್ಕೆ ಉರುಳಿದವು. ಕೋಳಿಗಳು ಓಡಿ ಬಂದವು. ಭಾವನವರ ಕೈಯಲ್ಲಿ ಮೂಗು ಉಳಿದಿತ್ತು.

“ಗಟ್ಟಿ ಮಾಡಿಲ್ಲೇನ್ರಿ ಇದನ್ನ?” ಎಂದು ಕೇಳಿದರು ಅವರು.

ಗಟ್ಟಿ ಮಾಡಿತ್ತು. ಎಂಜಿನ್‌ನಿಂದ ರೆಕ್ಕೆಯ ಮುಂಭಾಗದವರೆಗೆ ಲೆಗೊದ ಟೆಕ್ನಿಕ್ ತೊಲೆಗಳಿದ್ದವು, ಪಿನ್ನು ಹಾಕಿ ಬಿಗಿದದ್ದು. ಕುತ್ತಿಗೆ ಸಣ್ಣದಿತ್ತು ನಿಜ, ಆದರೆ ಅಂತರಿಕ್ಷ ನೌಕೆಯ ಅಂದ ಇರುವುದೇ ಸಣ್ಣ ಕುತ್ತಿಗೆಯಲ್ಲಿ. 1968ರ 2001: ಎ ಸ್ಪೇಸ್ ಒಡಿಸ್ಸಿ ಸಿನಿಮಾದ ಡಿಸ್ಕವರಿ ನೌಕೆಯನ್ನು ಯಾರಾದರೂ ಮೂಗು ಹಿಡಿದು ಎತ್ತಿದ್ದರೆ ಅದೂ ಉಳಿಯುತ್ತಿರಲಿಲ್ಲ. ಪ್ರದರ್ಶನಕ್ಕೆ ಹೋದದ್ದು ವಿಕ್ರಮನ ಕಾಲುಗಳು ಮತ್ತು ಆರು ಗಾಲಿಯ ಬಂಡಿ ಮಾತ್ರ. ಮಕ್ಕಳು ಅದನ್ನೇ ಮುಗಿಬಿದ್ದು ನೋಡಿದರು ಎಂಬುದು ಬೇರೆ ಮಾತು.

ಮರುಕಟ್ಟುವಾಗ ನೌಕೆ ಮೂರು ತುಂಡಾಯಿತು: ಮೂಗು, ನಡು, ಎಂಜಿನ್. ಪ್ರತಿ ಕೀಲಿಗೂ ಅಡ್ಡಲಾಗಿ ಟೆಕ್ನಿಕ್ ಆ್ಯಕ್ಸಲ್ ತೂರಿಸಿದೆ. ಎಳೆದರೆ ಬಿಚ್ಚುತ್ತದೆ, ಎಳೆಯದಿದ್ದರೆ ಇಲ್ಲ. ತೊಲೆ ಈಗ ಕಾಕ್‌ಪಿಟ್ಟಿನ ಅಡಿಯವರೆಗೂ ಹೋಗುತ್ತದೆ. ಪ್ಲೇಟುಗಳ ಸಂದು ಒಂದರ ಮೇಲೊಂದು ಬೀಳದಂತೆ ಪ್ರತಿ ಪದರವನ್ನೂ ಸರಿಸಿದೆ. ನಾಲ್ಕು ಕಾಲುಗಳ ನಡುವೆ, ಹೊಟ್ಟೆಯಡಿ, ಬೆರಳು ಹಿಡಿಸುವ ಹಿಡಿಕೆಯಿದೆ. ಅದಕ್ಕೆ ಕೆಂಪು ಬಣ್ಣ, ಯಾರ ಕಣ್ಣಿಗೂ ಬೀಳಲಿ ಎಂದು. ಬಣ್ಣದ ಹಟ ಬಿಟ್ಟರೆ ಒಳಗಿನ ಎಲುಬಿಗೆ ಜಾತ್ರೆಯ ಬ್ಲಾಕಿನಲ್ಲಿ ಬಿಗಿಯಾದವನ್ನು ಆರಿಸಿ ತುಂಬಬಹುದು; ಆಮದು ಮಾಲು ಹೊರಮೈಗೆ ಸಾಕು. ಬಿಡಿ ತುಣುಕು ತರಿಸುವವರು ಒಂದೊಂದೇ ಬಣ್ಣ ತರಿಸದೆ ನಾಲ್ಕು ಮಂದಿ ಕೂಡಿ ತರಿಸಿದರೆ ಸಾಗಾಟದ ಖರ್ಚಾದರೂ ಹಂಚಿಹೋಗುತ್ತದೆ. ಮಣ್ಣೂರಿನಲ್ಲಿ ಆ ನಾಲ್ಕು ಮಂದಿ ಇನ್ನೂ ಸಿಕ್ಕಿಲ್ಲ.

ಒಡೆದ ಹಳದಿ ಗಾಜಿಗೆ ಬದಲಿ ತರಿಸಲು ಎಷ್ಟಾಗುತ್ತದೆ ಎಂದು ಸುಂಕ ಸಮೇತ ಲೆಕ್ಕ ಹಾಕಿ ಭಾವನವರ ಮುಂದೆ ಇಟ್ಟಾಗಿದೆ. ಅರ್ಧ ಕೊಡುತ್ತೇನೆ, ಉಳಿದರ್ಧ ಕಟ್ಟಿದವನದು ಅನ್ನುತ್ತಾರೆ ಅವರು. ಮಾತುಕತೆ ನಡೆದಿದೆ.