ಮಗಳು ಗೈಡ್ಸ್ ಸೇರುತ್ತೇನೆ ಎಂದಾಗ

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಪೋಷಕರಿಂದ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. “ಸರ್, ಸ್ಕೌಟ್ಸ್, ಗೈಡ್ಸ್ ಅಂತ ಹೋದರೆ ಓದು ಹಾಳಾಗಲ್ವಾ?” ಎನ್ನುವುದು ಒಂದು. “ಸರ್ಟಿಫಿಕೇಟಿನಿಂದ ಮುಂದೆ ಏನಾದ್ರೂ ಉಪಯೋಗ ಇದೆಯಾ?” ಎನ್ನುವುದು ಇನ್ನೊಂದು. ವಾರಕ್ಕೊಂದು ಸಭೆ, ವರ್ಷಕ್ಕೆ ಒಂದೆರಡು ಶಿಬಿರ. ಇಷ್ಟರಿಂದ ಕೆಟ್ಟ ಓದನ್ನು ನಾನಂತೂ ಕಂಡಿಲ್ಲ. ಸರ್ಟಿಫಿಕೇಟಿನ ಮಾತು ಬಿಡಿ; ಮಕ್ಕಳು ಕಲಿಯುವ ನಾಯಕತ್ವವೇ ದೊಡ್ಡ ಉಪಯೋಗ.

ಇಲ್ಲಿ ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ; ತಂಡ ನಡೆಸುತ್ತಲೇ ಕಲಿಯುತ್ತಾರೆ. ಶುರುವಿನಿಂದಲೂ ಹೀಗೆಯೇ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದರು. ಸಿರಿವಂತರ ಶಾಲೆಯವರೂ ದುಡಿಯುವವರ ಮಕ್ಕಳೂ ಅದರಲ್ಲಿದ್ದರು. ಅವರನ್ನು ನಾಲ್ಕು ತಂಡ ಮಾಡಿ, ತಂಡಕ್ಕೊಬ್ಬ ಹುಡುಗನನ್ನೇ ಮುಖಂಡನಾಗಿಸಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಈ ಪದ್ಧತಿ ಬೆಂಗಳೂರಿಗೂ ಬಂತು. ಇವತ್ತಿಗೂ ಅದರ ಜೀವ ಇರುವುದು ಆ ಸಣ್ಣ ತಂಡದಲ್ಲೇ. ಆರೇಳು ಮಕ್ಕಳು, ಅವರಲ್ಲೊಬ್ಬರು ಲೀಡರ್. ಈ ತಂಡದ ಹೆಸರು ‘ಪಟ್ರೋಲ್’ (patrol); ಮಕ್ಕಳ ಬಾಯಲ್ಲಿ ‘ಪೆಟ್ರೋಲ್’. ಪೆಟ್ರೋಲ್ ಬಂಕಿಗೂ ಇದಕ್ಕೂ ಸಂಬಂಧವಿಲ್ಲ!

ಶಿಬಿರದ ಮೊದಲ ಅಡುಗೆಯನ್ನು ನೀವು ನೋಡಬೇಕು. ಒಬ್ಬಳು ಸೌದೆ ತರಬೇಕು, ಒಬ್ಬಳು ನೀರು, ಇನ್ನಿಬ್ಬರು ಈರುಳ್ಳಿ ಹೆಚ್ಚಬೇಕು. ಸೌದೆ ತರಲು ಹೋದವಳು ಬೇರೆ ಟೆಂಟಿನ ಮುಂದೆ ಹರಟುತ್ತಾ ನಿಂತಿರುತ್ತಾಳೆ. ಒಲೆ ಹೊಗೆಯಾಡುತ್ತದೆ, ಉಪ್ಪಿಟ್ಟು ತಳ ಹತ್ತುತ್ತದೆ. ಹದಿಮೂರು ವರ್ಷದ ಲೀಡರ್ ಮೊದಲು ಕಿರುಚುತ್ತಾಳೆ, ಆಮೇಲೆ ಅಳುತ್ತಾಳೆ. ಸೀದದ್ದನ್ನೇ ಎಲ್ಲರೂ ತಿನ್ನುತ್ತಾರೆ. ಮರುದಿನ ಬೆಳಿಗ್ಗೆ ಅದೇ ಲೀಡರ್ ಹರಟೆಮಲ್ಲಿಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಒಲೆ ಊದುವ ಕೆಲಸ ಕೊಡುತ್ತಾಳೆ. ಯಾರಿಗೆ ಯಾವ ಕೆಲಸ ಒಪ್ಪುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಾವು ದೊಡ್ಡವರು ಬೆಂಕಿಯ ಮೇಲೊಂದು ಕಣ್ಣಿಟ್ಟು, ಬಾಯಿ ಮುಚ್ಚಿಕೊಂಡು ದೂರ ನಿಂತಿರುತ್ತೇವೆ. ನಿಜ ಹೇಳಬೇಕೆಂದರೆ, ನಮ್ಮ ತರಬೇತಿಯಲ್ಲಿ ಕಷ್ಟದ ಭಾಗ ಆ ಬಾಯಿ ಮುಚ್ಚಿಕೊಳ್ಳುವುದೇ.

ಗಂಟು ಹಾಕುವುದರಲ್ಲೂ ಹೀಗೆಯೇ. ಬ್ಯಾಂಡೇಜಿಗೆ ರೀಫ್ ನಾಟ್ ಏಕೆ? ಅದು ಚಪ್ಪಟೆಯಾಗಿ ಕೂರುತ್ತದೆ, ಚರ್ಮಕ್ಕೆ ಒತ್ತುವುದಿಲ್ಲ. ಬಾವಿಗೆ ಬಿದ್ದವರನ್ನು ಎತ್ತಲು ಬೋಲೈನ್ ಏಕೆ? ಎಳೆದರೂ ಅದರ ಕುಣಿಕೆ ಬಿಗಿಯುವುದಿಲ್ಲ. ಇದನ್ನು ಹಗ್ಗ ಹಿಡಿದು ಕಲಿತ ಮಗು ಮರೆಯುವುದಿಲ್ಲ.

ಆದರೆ ಎಲ್ಲ ಕಡೆ ಹೀಗಿಲ್ಲ. ಆಗಸ್ಟ್ 15, ಜನವರಿ 26ಕ್ಕೆ ಮಾತ್ರ ಸ್ಕಾರ್ಫ್ ಕಟ್ಟಿಸಿ, ಬಂದ ಅತಿಥಿಗಳಿಗೆ ಚಪ್ಪಾಳೆ ಹೊಡೆಸುವ ಶಾಲೆಗಳೂ ಇವೆ. ಅಂಥಲ್ಲಿ ಸೇರಿಸಿದರೆ ಸಮವಸ್ತ್ರದ ದುಡ್ಡು ದಂಡ. ಸೇರಿಸುವ ಮುನ್ನ ಶಾಲೆಯ ದಳದಲ್ಲಿ ಈಗಾಗಲೇ ಇರುವ ಮಕ್ಕಳನ್ನೇ ಕೇಳಿ: “ಈ ತಿಂಗಳು ಕೈಯಾರೆ ಏನು ಮಾಡಿದಿರಿ?” ಉತ್ತರಕ್ಕೆ ತಡಕಾಡಿದರೆ ಅರ್ಥ ಮಾಡಿಕೊಳ್ಳಿ. ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ತರಬೇತಿ ಪಡೆದವರೇ, ಹೆಣ್ಣುಮಕ್ಕಳ ಶಿಬಿರದಲ್ಲಿ ರಾತ್ರಿ ಶಿಕ್ಷಕಿ ಇರುತ್ತಾರೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಕೈಲಿರುತ್ತದೆ? ಇವನ್ನೆಲ್ಲ ಸಂಕೋಚಪಡದೆ ಕೇಳಿ. ಒಳ್ಳೆಯ ದಳದವರು ಬೇಸರಪಟ್ಟುಕೊಳ್ಳುವುದಿಲ್ಲ. ಮಗುವಿಗೆ ಆಸ್ತಮಾ, ಅಲರ್ಜಿ ಇದ್ದರೆ ಮುಚ್ಚಿಡದೆ ಬರೆದು ಕೊಡಿ.

ವಯಸ್ಸಿನ ಮಾತಿಗೆ ಬಂದರೆ, ಹತ್ತು ವರ್ಷದೊಳಗಿನ ಹುಡುಗರಿಗೆ ಕಬ್, ಹುಡುಗಿಯರಿಗೆ ಬುಲ್‌ಬುಲ್ ಇವೆ. ಅಲ್ಲಿ ಆಟವೇ ಹೆಚ್ಚು. ಹತ್ತು ತುಂಬಿದ ಮೇಲೆ ಸ್ಕೌಟ್, ಗೈಡ್. ‘ಪ್ರವೇಶ’ ಎಂಬ ಹಂತದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರದವರೆಗೆ ಹೋಗಲು ವರ್ಷಗಳೇ ಬೇಕು. ಅವಸರ ಮಾಡಬೇಡಿ. ಮಗು ಮಾಡಿದ ಕೆಲಸ ದಾಖಲಿಸುವ ಲಾಗ್‌ಬುಕ್ಕನ್ನು ರಾತ್ರಿ ಕೂತು ನೀವೇ ಬರೆದುಕೊಡುವುದಂತೂ ಖಂಡಿತ ಬೇಡ; ಅಪ್ಪನ ಅಕ್ಷರ ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಶಿಬಿರಕ್ಕೆ ಹೊರಡುವ ಹಿಂದಿನ ರಾತ್ರಿ ಚೀಲವನ್ನು ಅಮ್ಮಂದಿರು ಕಟ್ಟಿಕೊಟ್ಟಿರುತ್ತಾರೆ. ಕತ್ತಲಾದಾಗ ಟಾರ್ಚ್ ಎಲ್ಲಿದೆ ಎಂದು ಮಗುವಿಗೆ ಗೊತ್ತಿರುವುದಿಲ್ಲ. ದಯವಿಟ್ಟು ಚೀಲ ಅವರೇ ಕಟ್ಟಿಕೊಳ್ಳಲಿ.