ಕ್ಯಾನ್‌ಕೂನ್‌ಗೆ ಹೊರಟಿದ್ದೀರಾ? ಸ್ವಲ್ಪ ಇಲ್ಲಿ ಕೇಳಿ

ಮಾರ್ಚ್ ಬಂತೆಂದರೆ ಅಮೆರಿಕದ ಕಾಲೇಜುಗಳಿಗೆ ಒಂದು ವಾರ ಸ್ಪ್ರಿಂಗ್ ಬ್ರೇಕ್. ಹಿಂದೆ ಅಲ್ಲಿಯ ಹುಡುಗರೆಲ್ಲ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಮುಗಿಬೀಳುತ್ತಿದ್ದರು. 1985ರ ಜನಜಾತ್ರೆ ಕಂಡ ಮೇಲೆ ಆ ಊರಿನವರು ಸಾಕಪ್ಪಾ ಸಾಕು ಎಂದು ಕೈ ಮುಗಿದರು. ಈಗ ಮೆಕ್ಸಿಕೊದ ಕ್ಯಾನ್‌ಕೂನ್‌ಗೆ ಹೋಗುವುದು ರೂಢಿ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಎಂಎಸ್ ಮಾಡಲು ಹೋದ ನೀವೂ ಗುಂಪು ಕಟ್ಟಿಕೊಂಡು ಹೊರಡುತ್ತೀರಿ. ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ವರ್ಷವೆಲ್ಲ ಅಸೈನ್‌ಮೆಂಟು, ಪಾರ್ಟ್‌ಟೈಮ್ ಕೆಲಸ ಅಂತ ಬಳಲಿದ ಮೈಗೆ ನಾಲ್ಕು ದಿನ ಸಮುದ್ರದ ಗಾಳಿ ಬೇಕೇ ಬೇಕು. ಆದರೆ ನಿಮ್ಮಲ್ಲೊಂದು ಕೆಟ್ಟ ಅಭ್ಯಾಸವಿದೆ. ಉಳಿಸಬಾರದ ಕಡೆ ಜಿಪುಣತನ ಮಾಡುತ್ತೀರಿ, ಉಳಿಸಬೇಕಾದ ಕಡೆ ಧಾರಾಳಿಗಳಾಗುತ್ತೀರಿ. ಇನ್ಶೂರೆನ್ಸ್ ಕಟ್ಟಲು ನೂರು ಸಲ ಯೋಚಿಸುವವರು ಕ್ಲಬ್ಬಿನ ಬಾಗಿಲಲ್ಲಿ ಹಿಂದುಮುಂದು ನೋಡದೆ ಕಾರ್ಡ್ ಉಜ್ಜುತ್ತೀರಿ. ಅದಕ್ಕೇ ಇಷ್ಟು ಹೇಳಬೇಕಾಯಿತು.

ಟಿಕೆಟ್ ಕೊಳ್ಳುವ ಮೊದಲು ಕಾಗದಪತ್ರ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ಅಮೆರಿಕದ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೊದ ಬೇರೆ ವೀಸಾ ಬೇಕಿಲ್ಲ. ಮುಗಿದಿದ್ದರೆ ಬೇಕು. "ಐ-20 ಸರಿಯಾಗಿದೆಯಲ್ಲ, ಸಾಕು" ಎಂದು ಹೊರಡಬೇಡಿ. ಆ ಐ-20ಯ ಮೇಲೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರ ಪ್ರಯಾಣದ ಸಹಿ ಇರಬೇಕು. ಓದುತ್ತಿರುವವರಿಗೆ ಆ ಸಹಿ ಒಂದು ವರ್ಷ ನಡೆಯುತ್ತದೆ, ಓಪಿಟಿಯಲ್ಲಿರುವವರಿಗೆ ಆರೇ ತಿಂಗಳು. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ವಾಟ್ಸಾಪ್ ಗುಂಪಿನ ಸೀನಿಯರನ್ನಲ್ಲ, ಆ ಕಚೇರಿಯವರನ್ನೇ ಕೇಳಿ. ಅಟ್ಟ ಮೇಲೆ ಒಲೆ ಉರಿದರೆ ಏನು ಬಂತು? ನಿಮ್ಮ ಯೂನಿವರ್ಸಿಟಿಯ ಆರೋಗ್ಯ ವಿಮೆ ಗಡಿ ದಾಟಿದ ಮೇಲೂ ನಡೆಯುತ್ತದೆಯೇ ಎಂಬುದನ್ನೂ ಆಗಲೇ ವಿಚಾರಿಸಿ. ಕ್ಯಾನ್‌ಕೂನಿನಂಥ ಪ್ರವಾಸಿ ಊರುಗಳ ಖಾಸಗಿ ಆಸ್ಪತ್ರೆಗಳು ಮೊದಲು ಹಣ ಕಟ್ಟಿ ಎನ್ನುವುದು ಸಾಮಾನ್ಯ. ವಿಮೆ ನಡೆಯದಿದ್ದರೆ ಆ ವಾರಕ್ಕೆಂದೇ ಒಂದು ಪ್ರವಾಸ ವಿಮೆ ಮಾಡಿಸಿ. ಇಲ್ಲಿ ಚೌಕಾಸಿ ಬೇಡ.

ವೇಪ್ ಸೇದುವ ಚಟ ಇದ್ದವರು ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ. ಮೆಕ್ಸಿಕೊದೊಳಕ್ಕೆ ಅದನ್ನು ಒಯ್ಯುವಂತಿಲ್ಲ.

ಇನ್ನು ದುಡ್ಡಿನ ಮಾತು. ವಿಮಾನ ಇಳಿದು ಹೊರಬರುವ ದಾರಿಯಲ್ಲೇ ಅಂದವಾಗಿ ಬಟ್ಟೆ ತೊಟ್ಟವರು ನಗುನಗುತ್ತ ಅಡ್ಡ ಬರುತ್ತಾರೆ. ಟ್ಯಾಕ್ಸಿ ಬೇಕೇ, ಬಿಟ್ಟಿ ಟೂರ್ ಬೇಕೇ, ಬೆಳಗಿನ ತಿಂಡಿ ಕೊಡಿಸುತ್ತೇವೆ ಎನ್ನುತ್ತಾರೆ. ಅವರು ವಿಮಾನ ನಿಲ್ದಾಣದ ಸಿಬ್ಬಂದಿ ಎಂದುಕೊಳ್ಳಬೇಡಿ, ಹೆಚ್ಚಿನವರು ಟೈಮ್‌ಶೇರ್ ಮಾರುವವರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂದು ಹಿಂದೆ ಹೋದರೆ ಅರ್ಧ ದಿನ ಒಂದು ಕೋಣೆಯಲ್ಲಿ ಕೂತು ಅವರ ಭಾಷಣ ಕೇಳಬೇಕಾಗುತ್ತದೆ. ತಲೆ ಅಲ್ಲಾಡಿಸಿ ನಡೆದುಬಿಡಿ. ಎಡಿಒ ಕಂಪನಿಯ ಒಳ್ಳೆಯ ಬಸ್ಸುಗಳು ನಿಲ್ದಾಣದಿಂದ ಊರೊಳಗಿನ ಬಸ್‌ಸ್ಟ್ಯಾಂಡಿಗೆ ಹೋಗುತ್ತವೆ. ಅಲ್ಲಿಂದ ಆರ್-1 ಸಿಟಿ ಬಸ್ ಹಿಡಿದರೆ ಹೋಟೆಲುಗಳ ಸಾಲಿನುದ್ದಕ್ಕೂ ಹೋಗಬಹುದು. ಆದರೆ ಇದು ಹಗಲಿನ ಮಾತು. ಮಧ್ಯರಾತ್ರಿ ಇಳಿಯುವವರು ಮೊದಲೇ ಬುಕ್ ಮಾಡಿದ ವ್ಯಾನಿನಲ್ಲೇ ಹೋಗಿ. ಬೀದಿ ಟ್ಯಾಕ್ಸಿ ಹತ್ತುವುದಾದರೆ ಬಾಡಿಗೆ ಎಷ್ಟೆಂದು ಬಾಗಿಲು ತೆಗೆಯುವ ಮೊದಲೇ ಮಾತಾಡಿ.

ಮೆಕ್ಸಿಕೊದಲ್ಲಿ ಪೆಸೊಗೂ ಡಾಲರಿನದೇ ಗುರುತು ಹಾಕುತ್ತಾರೆ. ಮೆನುವಿನಲ್ಲಿ ಆ ಗುರುತಿನ ಮುಂದೆ 180 ಎಂದಿದ್ದರೆ ಗಾಬರಿಯಾಗಬೇಡಿ, ಅದು ಪೆಸೊ. ಕಾರ್ಡ್ ಯಂತ್ರದಲ್ಲಿ ಮಾತ್ರ ಕಣ್ಣಿಟ್ಟು ನೋಡಿ. ಎಂಎಕ್ಸ್‌ಎನ್ ಎಂದಿದ್ದರೆ ಪೆಸೊ, ಯುಎಸ್‌ಡಿ ಎಂದಿದ್ದರೆ ಡಾಲರ್. ಯಾವಾಗಲೂ ಪೆಸೊದಲ್ಲೇ ಕೊಡಿ. ಎಟಿಎಂ ತಾನೇ ದರ ಹೇಳಿ "ಡಾಲರ್ ಲೆಕ್ಕದಲ್ಲಿ ಕತ್ತರಿಸಲೇ" ಎಂದು ಕೇಳಿದರೆ ಬೇಡವೆಂದು ಒತ್ತಿ, ನಿಮ್ಮ ಬ್ಯಾಂಕಿನ ದರವೇ ವಾಸಿ. ಬಿಲ್ಲಿನಲ್ಲಿ ಪ್ರೊಪೀನಾ ಎಂದು ಬರೆದಿದ್ದರೆ ಟಿಪ್ಸ್ ಆಗಲೇ ಸೇರಿದೆ, ಇನ್ನೊಮ್ಮೆ ಇಡಬೇಕಿಲ್ಲ. ಮೆಕ್ಸಿಕೊದಲ್ಲಿ ಕಡಲತೀರ ಕಾನೂನಿನ ಪ್ರಕಾರ ಎಲ್ಲರದು. ದುಬಾರಿ ಹೋಟೆಲಿನ ಡೇ-ಪಾಸ್ ಕೊಂಡರೇ ಮರಳು ತುಳಿಯಬಹುದು ಎಂದೇನಿಲ್ಲ. ಇಸ್ಲಾ ಮುಹೇರೆಸ್ ದ್ವೀಪಕ್ಕೆ ಹೋಗುವಾಗ ಹೋಟೆಲ್ ವಲಯದ ಬದಲು ಪ್ವೆರ್ತೊ ಹ್ವಾರೆಸ್‌ನಿಂದ ದೋಣಿ ಹಿಡಿಯಿರಿ, ಟಿಕೆಟ್ ಅಗ್ಗ. ಹನಿಗೂಡಿದರೆ ಹಳ್ಳ.

ಸಸ್ಯಾಹಾರಿಗಳು ಬೀನ್ಸ್ ಪಲ್ಯ ಕಂಡ ಕೂಡಲೇ ತಟ್ಟೆ ತುಂಬಿಸಿಕೊಳ್ಳಬೇಡಿ. ಅದಕ್ಕೆ ಹಲವು ಕಡೆ ಹಂದಿಯ ಕೊಬ್ಬು ಹಾಕುತ್ತಾರೆ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರುವುದೂ ಉಂಟು. "ಮಾಂತೇಕಾ" ಇದೆಯೇ ಎಂದು ಕೇಳಿ. ನಲ್ಲಿ ನೀರು ಬೇಡ, ಬಾಟಲಿ ನೀರೇ ಕುಡಿಯಿರಿ. ರೂಮಿಗೆ ಹೋಗುವ ದಾರಿಯಲ್ಲಿ ಆಕ್ಸೊ ಅಂಗಡಿಯಿಂದ ದೊಡ್ಡ ಕ್ಯಾನ್ ಒಂದನ್ನು ಹೊತ್ತುಕೊಂಡು ಹೋಗಿ.

ಈಗ ಕುಡಿತದ ವಿಷಯ. ಮುಖ ತಿರುಗಿಸಬೇಡಿ. ಕುಡಿಯುವವರು ಕುಡಿಯುತ್ತೀರೆಂದು ನನಗೂ ಗೊತ್ತು. ಅಮೆರಿಕದಲ್ಲಿ 21 ತುಂಬಬೇಕು, ಮೆಕ್ಸಿಕೊದಲ್ಲಿ 18 ಸಾಕು. ಅದಕ್ಕೇ ಅಲ್ಲಿ ಅಷ್ಟು ಗದ್ದಲ. ಅತಿಯಾದರೆ ಅಮೃತವೂ ವಿಷ, ಅಲ್ಲಿ ಕೆಲವೊಮ್ಮೆ ಅತಿಯಾಗದಿದ್ದರೂ ವಿಷವೇ. ಕಲಬೆರಕೆ ಮದ್ಯ ಕುಡಿದು ಪ್ರಜ್ಞೆ ತಪ್ಪಿದ ಪ್ರವಾಸಿಗರ ಬಗ್ಗೆ ಅಮೆರಿಕದ ವಿದೇಶಾಂಗ ಇಲಾಖೆಯೇ ಎಚ್ಚರಿಸಿದೆ. ನಿಮ್ಮ ಕಣ್ಣೆದುರು ತೆರೆದ ಬಿಯರ್ ಬಾಟಲಿ ಇರಲಿ, ಬಕೆಟ್ಟಿನಲ್ಲಿ ಕಲಸಿಟ್ಟ ಬಣ್ಣದ ನೀರು ಬೇಡ. ಲೋಟ ಮೇಜಿನ ಮೇಲಿಟ್ಟು ಕುಣಿಯಲು ಹೋದಿರಾ? ಬಂದ ಮೇಲೆ ಅದನ್ನು ಚೆಲ್ಲಿಬಿಡಿ, ಹೋದ ದುಡ್ಡು ಹೋಗಲಿ. ಹೊಟ್ಟೆ ತುಂಬ ಉಂಡು ಹೊರಡಿ. ಎರಡೇ ಲೋಟಕ್ಕೆ ಗೆಳತಿಗೆ ನಾಲಿಗೆ ತೊದಲಿ, ಕಾಲು ನಿಲ್ಲದಿದ್ದರೆ "ಮಲಗಿದರೆ ಸರಿಹೋಗುತ್ತೆ" ಎಂದು ಒಬ್ಬಳನ್ನೇ ರೂಮಿನಲ್ಲಿ ಬಿಡಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಕೂತಿರಿ. ಎಬ್ಬಿಸಿದರೆ ಏಳದಿದ್ದರೆ 911ಕ್ಕೆ ಕರೆ ಮಾಡಿ, ಮೆಕ್ಸಿಕೊದಲ್ಲೂ ಅದೇ ನಂಬರ್.

ಅಲ್ಲಿಯ ಕೆಲವು ಔಷಧಿ ಅಂಗಡಿಗಳಲ್ಲಿ ನೋವಿನ ಮಾತ್ರೆ, ಆಡೆರಾಲ್‌ಗಳನ್ನು ಚೀಟಿ ಕೇಳದೆ ಬಿಡಿಬಿಡಿಯಾಗಿ ಮಾರುತ್ತಾರೆ. ಅಂಥ ಮಾತ್ರೆಗಳಲ್ಲಿ ಫೆಂಟನಿಲ್ ಬೆರೆತಿರಬಹುದೆಂದು 2023ರಲ್ಲೇ ಎಚ್ಚರಿಕೆ ಬಂದಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಜ್ವರ, ತಲೆನೋವು, ಭೇದಿಗೆ ಬೇಕಾದ ಮಾತ್ರೆ ಮತ್ತು ಓಆರ್‌ಎಸ್ ಪೊಟ್ಟಣಗಳನ್ನು ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ. ಬೀದಿಯಲ್ಲಿ ಯಾರೋ ಪಿಸುಗುಟ್ಟಿ ಕೊಡುವ ಗಾಂಜಾ, ಪುಡಿ, ಮಾತ್ರೆ ಯಾವುದನ್ನೂ ಮುಟ್ಟಬೇಡಿ. ಜೊತೆಯ ಅಮೆರಿಕದ ಹುಡುಗ ದಂಡ ಕಟ್ಟಿ ಮನೆ ಸೇರಬಹುದು. ನಿಮ್ಮದು ಹಾಗಲ್ಲ, ನಿಮ್ಮ ವೀಸಾಕ್ಕೇ ಕುತ್ತು.

ಸಮುದ್ರದ ವಿಷಯದಲ್ಲಿ ನನಗೆ ಇದಕ್ಕಿಂತ ಹೆಚ್ಚು ಭಯ. ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಈಜು ಬಾರದು, ಆದರೆ ಫೋಟೊಗೆಂದು ಎದೆಮಟ್ಟ ನೀರಿಗಿಳಿಯುತ್ತಾರೆ. ಕ್ಯಾನ್‌ಕೂನಿನ ಹೋಟೆಲ್ ವಲಯ ಏಳರ ಇಂಗ್ಲಿಷ್ ಅಂಕಿಯಂತೆ ಬಾಗಿದೆ. ಮೇಲಿನ ಅಡ್ಡಗೆರೆಯಲ್ಲಿ ಲಂಗೋಸ್ತಾ, ತೊರ್ತುಗಾಸ್ ಕಡಲತೀರಗಳಿವೆ, ಅಲ್ಲಿ ನೀರು ಶಾಂತ. ಉದ್ದಗೆರೆಯ ಕಡೆ ತೆರೆದ ಸಮುದ್ರ. ಎಲ್ಲರೂ ಬಣ್ಣದ ಅಕ್ಷರಗಳ ಮುಂದೆ ಫೋಟೊ ತೆಗೆಸಿಕೊಳ್ಳುವ ದೆಲ್ಫಿನೆಸ್ ಇರುವುದು ಆ ಕಡೆ. ನೋಡಲು ಪುಕ್ಕಟೆ, ಅಲೆಯ ಸೆಳೆತ ಮಾತ್ರ ಜೋರು. ದಡದಲ್ಲಿ ಬಾವುಟ ಹಾರಿಸಿರುತ್ತಾರೆ. ಹಸಿರು ಕಂಡರೆ ಇಳಿಯಿರಿ, ಹಳದಿಗೆ ಎಚ್ಚರ, ಕೆಂಪು ಅಥವಾ ಕಪ್ಪು ಹಾರುತ್ತಿದ್ದರೆ ಕಾಲು ಕೂಡ ನೆನೆಸಬೇಡಿ. ಅಕಸ್ಮಾತ್ ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಹೊಡೆದಾಡಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಿ. ಕತ್ತಲಾದ ಮೇಲೆ, ಕುಡಿದ ಮೇಲೆ ನೀರಿನ ಸುದ್ದಿಯೇ ಬೇಡ. ನೀರಿಗಿಳಿದ ಮೇಲೆ ಚಳಿಯೇನು ಎನ್ನುವ ಗಾದೆಯನ್ನು ಆ ವಾರ ಮರೆತುಬಿಡಿ. ಬಾಲ್ಕನಿಯ ಕಂಬಿ ಹತ್ತುವುದು, ಪಕ್ಕದ ರೂಮಿಗೆ ಹಾರುವುದು, ಇವೆಲ್ಲ ವೀರತನವಲ್ಲ, ಕಪಿಚೇಷ್ಟೆ.

ಗುಂಪಿನಲ್ಲಿ ಒಬ್ಬರನ್ನು ಆ ರಾತ್ರಿಯ ಕಾವಲಿಗೆ ನೇಮಿಸಿ, ಸರದಿಯಂತೆ ದಿನಕ್ಕೊಬ್ಬರು ಕುಡಿಯದೆ ಇರಲಿ. ಹೋದಷ್ಟೂ ಮಂದಿ ಒಟ್ಟಿಗೇ ವಾಪಸು ಬರಬೇಕು. ಪಾಸ್‌ಪೋರ್ಟನ್ನು ರೂಮಿನ ಲಾಕರಿನಲ್ಲಿಟ್ಟು, ಅದರ ಫೋಟೊ ಫೋನಿನಲ್ಲೂ ಮನೆಯವರ ಬಳಿಯೂ ಇರಲಿ. ಅದು ಕಳೆದರೆ ನಮ್ಮ ರಾಯಭಾರ ಕಚೇರಿ ಇರುವುದು ದೂರದ ಮೆಕ್ಸಿಕೊ ಸಿಟಿಯಲ್ಲಿ.

ಮನೆಗೆ ಫೋನ್ ಮಾಡಲು ಪುರುಸೊತ್ತಿಲ್ಲ ಎನ್ನಬೇಡಿ. ಕ್ಯಾನ್‌ಕೂನ್‌ನಲ್ಲಿ ರಾತ್ರಿ ಒಂಬತ್ತು ಎಂದರೆ ಇಲ್ಲಿ ಬೆಳಿಗ್ಗೆ ಏಳೂವರೆ. ಪಾರ್ಟಿಗೆ ಹೊರಡುವ ಮೊದಲು ಎಲ್ಲಿಗೆ, ಯಾರ ಜೊತೆ ಎಂದು ಹೇಳಿಬಿಡಿ. ಮಾರ್ಚಿನಲ್ಲಿ ಅಮೆರಿಕದವರು ಗಡಿಯಾರ ಮುಂದಕ್ಕೆ ತಿರುಗಿಸುತ್ತಾರೆ, ಕ್ಯಾನ್‌ಕೂನಿನವರು ತಿರುಗಿಸುವುದಿಲ್ಲ. ಹಾಗಾಗಿ ವಿಮಾನದ ಹೊತ್ತನ್ನು ಅಲ್ಲಿಯ ಸ್ಥಳೀಯ ಸಮಯದಲ್ಲೇ ನೋಡಿಕೊಳ್ಳಿ. ಕ್ಲಾಸಿಗೆ ಒಂದು ದಿನ ಮುಂಚೆಯೇ ವಾಪಸಾಗುವಂತೆ ಟಿಕೆಟ್ ಇರಲಿ. ಹೊರಡುವ ಬೆಳಿಗ್ಗೆ ಐ-20ಯನ್ನು ಕೈಚೀಲಕ್ಕೆ ಹಾಕಿಕೊಳ್ಳಿ, ದೊಡ್ಡ ಸೂಟ್‌ಕೇಸಿಗಲ್ಲ. ಇಮಿಗ್ರೇಷನ್ ಅಧಿಕಾರಿ ಅದನ್ನು ಕೇಳುವ ಹೊತ್ತಿಗೆ ಸೂಟ್‌ಕೇಸ್ ಇನ್ನೂ ಬೆಲ್ಟಿಗೆ ಬಂದಿರುವುದಿಲ್ಲ.